ಒಂದು ಬೀಪ್ ಸದ್ದಿಗಾಗಿ

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಉಪ್ಪಿನ ಭರಣಿಯಿಂದ ಹಿಡಿದು ಪುಸ್ತಕದ ರಟ್ಟಿನವರೆಗೆ ಎಲ್ಲಕ್ಕೂ ಥಂಡಿ ಏರುತ್ತದೆ. ಕಳೆದ ಜುಲೈನಲ್ಲಿ ಹೋದಾಗ ಚಿಕ್ಕಪ್ಪನ ಕಂಪ್ಯೂಟರೂ ಮುದುರಿ ಕೂತಿತ್ತು. 2008ರಲ್ಲಿ ಕೊಂಡದ್ದು. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಪೇಟೆಯಿಂದ ಬಂದ ರಿಪೇರಿಯವರು ‘ಮದರ್‌ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ’ ಎಂದು ಹೇಳಿ ಹೋಗಿದ್ದರಂತೆ.

‘ಇದರ ಕಥೆ ಮುಗೀತು ಮಾರಾಯ. ಗುಜರಿಯವನು ಬಂದಾಗ ಕೊಟ್ಟುಬಿಡುವುದು’ ಎಂದರು ಚಿಕ್ಕಪ್ಪ.

ಅಡುಗೆಮನೆಯಿಂದ ಚಿಕ್ಕಮ್ಮನ ದನಿ ಬಂತು: ‘ಅತ್ತೆಯ ಹಾಡೆಲ್ಲ ಅದರೊಳಗೇ ಇದಾವಲ್ಲ!’

ಅಜ್ಜಿ ಹೇಳಿಕೊಟ್ಟ ಹಸೆ ಹಾಡುಗಳವು. ಚಿಕ್ಕಪ್ಪ ಎರಡು ಮಳೆಗಾಲ ಅಜ್ಜಿಯ ಪಕ್ಕ ಕೂತು, ಒಂದೊಂದೇ ಸಾಲು ಕೇಳಿ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು. ಅಜ್ಜಿ ಈಗಿಲ್ಲ. ಹಾಡುಗಳ ನಕಲು ಬೇರೆಲ್ಲೂ ಇರಲಿಲ್ಲ.

ಹಳೆಯ ಕಂಪ್ಯೂಟರ್ ಶುರುವಾಗದೆ ಹೋದಾಗ ನಾವು ‘ಹಾಳಾಯಿತು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಆದರೆ ಅದು ಏಳುವುದು ಹಂತ ಹಂತವಾಗಿ. ಗುಂಡಿ ಒತ್ತಿದೊಡನೆ ಎಸ್‌ಎಂಪಿಎಸ್ ಗೋಡೆಯ 230 ವೋಲ್ಟ್ ಕರೆಂಟನ್ನು 12, 5, 3.3 ವೋಲ್ಟ್‌ಗಳಿಗೆ ಇಳಿಸಿ, ‘ಎಲ್ಲ ಸರಿಯಿದೆ’ ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ ಕಳಿಸುತ್ತದೆ. ಆಮೇಲೆ ಬಯಾಸ್ ಎಂಬ ಪುಟ್ಟ ಪ್ರೋಗ್ರಾಂ ಎಚ್ಚೆತ್ತು ರ್‍ಯಾಮ್, ಡಿಸ್‌ಪ್ಲೇ, ಕೀಬೋರ್ಡ್, ಡಿಸ್ಕ್‌ಗಳ ಹಾಜರಿ ಹಾಕುತ್ತದೆ. 1981ರಲ್ಲಿ ಬಂದ ಐಬಿಎಂ ಪಿಸಿಯ ಕಾಲದಿಂದ ನಡೆದುಬಂದ ಈ ಪರೀಕ್ಷೆಗೆ ಪೋಸ್ಟ್ ಎಂದು ಹೆಸರು. ಎಲ್ಲರೂ ಹಾಜರಿದ್ದರೆ ಒಂದು ಗಿಡ್ಡ ಬೀಪ್. ಬಳಿಕ ಹಾರ್ಡ್ ಡಿಸ್ಕಿನ ಮೊದಲ 512 ಬೈಟ್ ಓದಿ, ಅಲ್ಲಿ ಸಿಕ್ಕ ಸೂಚನೆಯ ಜಾಡು ಹಿಡಿದು ವಿಂಡೋಸನ್ನು ಎಬ್ಬಿಸುವ ಕೆಲಸ. ಯಾವ ಮೆಟ್ಟಿಲಲ್ಲಿ ನಿಂತಿತು ಎಂದು ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆ. ಪೇಟೆಯವರು ನೋಡದೆ ಬಿಟ್ಟದ್ದು ಅದನ್ನೇ.

ಫ್ಯಾನೇ ತಿರುಗದಿದ್ದರೆ ಗೋಡೆಯಿಂದ ಶುರುಮಾಡಬೇಕು. ಯುಪಿಎಸ್ ಬ್ಯಾಟರಿಗಳು ಎರಡು ಮೂರು ವರ್ಷಕ್ಕೇ ಸೋಲುತ್ತವೆ. ಅದನ್ನು ಬದಿಗಿಟ್ಟು ನೇರ ಪ್ಲಗ್ಗಿಗೆ ಹಾಕಿ ನೋಡುವುದು ಮೊದಲ ಕೆಲಸ. ಎಸ್‌ಎಂಪಿಎಸ್ ಮೇಲೆ ಅನುಮಾನ ಬಂದರೆ ಇನ್ನೊಂದನ್ನು ಜೋಡಿಸಿ ನೋಡಬಹುದು, ಆದರೆ ಅದರ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಎರವಾಗುವಷ್ಟು ಕರೆಂಟು ಉಳಿದಿರುತ್ತದೆ.

ಚಿಕ್ಕಪ್ಪನ ಯಂತ್ರ ಆ ಮೆಟ್ಟಿಲು ದಾಟಿತ್ತು. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದೆವು. ಒಳಗೆ ಬೂದು ಧೂಳಿನ ಹೊದಿಕೆ, ಮೂಲೆಯಲ್ಲೊಂದು ಹಲ್ಲಿ ಮೊಟ್ಟೆಯ ಚಿಪ್ಪು. ಮೊದಲು ಪ್ರೊಸೆಸರಿನ ಸುತ್ತ ನಿಂತ ಕೆಪಾಸಿಟರ್‌ಗಳ ನೆತ್ತಿಯನ್ನು ಟಾರ್ಚ್ ಹಾಕಿ ನೋಡಿದೆ. 2000ದ ಆಸುಪಾಸಿನ ವರ್ಷಗಳಲ್ಲಿ ಕಳಪೆ ದ್ರಾವಣ ತುಂಬಿದ ಕೆಪಾಸಿಟರ್‌ಗಳು ಜಗತ್ತಿನಾದ್ಯಂತ ಲೆಕ್ಕವಿಲ್ಲದಷ್ಟು ಮದರ್‌ಬೋರ್ಡ್‌ಗಳನ್ನು ಕೆಡಿಸಿದ್ದವು. ನೆತ್ತಿ ಉಬ್ಬಿ ಕಂದು ಅಂಟು ಜಿನುಗಿದ್ದರೆ ಬೋರ್ಡಿನ ಆಸೆ ಕಷ್ಟ. ಇಲ್ಲಿ ಎಲ್ಲವೂ ನಾಣ್ಯದ ಹಾಗೆ ಚಪ್ಪಟೆಯಾಗಿದ್ದವು.

ಈಗ ಮುಖ್ಯ ಪರೀಕ್ಷೆ. ರ್‍ಯಾಮ್ ಪಟ್ಟಿಗಳೆರಡನ್ನೂ ಕಿತ್ತಿಟ್ಟು ಗುಂಡಿ ಒತ್ತಿದೆವು. ಎರಡು ಕ್ಷಣ ಬಿಟ್ಟು ಡಬ್ಬಿಯೊಳಗಿನ ಪುಟ್ಟ ಸ್ಪೀಕರ್ ಉದ್ದುದ್ದ ದನಿಯಲ್ಲಿ ಕೂಗತೊಡಗಿತು.

‘ಏನಾಯ್ತೋ?’ ಚಿಕ್ಕಪ್ಪ ಗಾಬರಿಯಾದರು.

‘ಒಳ್ಳೇದೇ ಆಯ್ತು ಚಿಕ್ಕಪ್ಪ, ಬೋರ್ಡ್ ಬದುಕಿದೆ’ ಎಂದೆ.

ನನಗೆ ಆ ಕರ್ಕಶ ಸದ್ದು ಹುಟ್ಟಿದ ಕೂಸಿನ ಮೊದಲ ಅಳುವಿನಂತೆ ಕೇಳಿಸಿತು. ರ್‍ಯಾಮ್ ಇಲ್ಲ ಎಂದು ದೂರಬೇಕಾದರೆ ಪ್ರೊಸೆಸರ್ ಕೆಲಸ ಮಾಡುತ್ತಿರಬೇಕು, ಬಯಾಸ್ ಓಡುತ್ತಿರಬೇಕು. ಸತ್ತ ಬೋರ್ಡ್ ಕೂಗುವುದಿಲ್ಲ. ಬೀಪ್‌ಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಅವಾರ್ಡ್ ಬಯಾಸ್‌ನಲ್ಲಿ ಎಡೆಬಿಡದ ಉದ್ದ ಬೀಪ್ ರ್‍ಯಾಮ್ ದೂರು, ಒಂದು ಉದ್ದ ಎರಡು ಗಿಡ್ಡ ಬಂದರೆ ಡಿಸ್‌ಪ್ಲೇ ದೂರು. ಮದರ್‌ಬೋರ್ಡಿನ ಪುಸ್ತಕದಲ್ಲಿ ಇದರ ಪಟ್ಟಿ ಇರುತ್ತದೆ.

ಕಿತ್ತ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಡಿಡಿಆರ್2 ಪಟ್ಟಿಗೆ ಒಂದು ಬದಿಗೆ 120ರಂತೆ ಒಟ್ಟು 240 ಚಿನ್ನದ ಲೇಪದ ಹಲ್ಲುಗಳು. ಅವುಗಳ ಮೇಲೆ ಹಿತ್ತಾಳೆ ಪಾತ್ರೆ ಕಿಲುಬು ಹಿಡಿದಂತೆ ಮಬ್ಬು. ಕ್ಯಾಬಿನೆಟ್ಟಿನ ತಗಡು ಮುಟ್ಟಿ ಮೈಯ ವಿದ್ಯುತ್ತು ಇಳಿಸಿಕೊಂಡು, ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಹಲ್ಲುಗಳ ಉದ್ದಕ್ಕೆ ಮೆಲ್ಲಗೆ ಉಜ್ಜಿದೆ. ಲೇಪ ಬಲು ತೆಳು, ಬಲ ಹಾಕಿದರೆ ಅದೇ ಕಿತ್ತುಬರುತ್ತದೆ. ರಬ್ಬರಿನ ಹುಡಿಯನ್ನು ಪೂರ್ತಿ ಕೊಡವಬೇಕು, ಅದು ಸ್ಲಾಟಿನೊಳಗೆ ಬಿದ್ದರೆ ಹೊಸ ತೊಂದರೆ. ಸ್ಲಾಟಿನ ಧೂಳನ್ನು ಒಣ ಬಣ್ಣದ ಬ್ರಷ್ಷಿನಿಂದ ತೆಗೆದು, ಪಟ್ಟಿಯ ಕಚ್ಚು ಸರಿಯಾಗಿ ಕೂರುವಂತೆ ಇಟ್ಟು ಎರಡೂ ತುದಿ ಒತ್ತಿದಾಗ ಕ್ಲಿಪ್ಪುಗಳು ‘ಟಕ್’ ಎಂದವು. ಎರಡನ್ನೂ ಒಟ್ಟಿಗೆ ಹಾಕಲಿಲ್ಲ. ಒಂದೊಂದನ್ನೇ ಹಾಕಿ ನೋಡಿದರೆ ಕೆಟ್ಟದ್ದು ಯಾವುದು ಎಂದು ತಿಳಿಯುತ್ತದೆ.

ಮತ್ತೆ ಗುಂಡಿ. ಫ್ಯಾನಿನ ಸದ್ದು. ಆಮೇಲೆ ಒಂದೇ ಒಂದು ಗಿಡ್ಡ ಬೀಪ್. ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು: ಸಿಮೋಸ್ ಚೆಕ್‌ಸಮ್ ಎರರ್, ಮುಂದುವರಿಯಲು ಎಫ್1 ಒತ್ತಿ. ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿತ್ತು.

ಈ ಸಂದೇಶ ಕಂಡು ಹೆದರುವವರನ್ನು ನೋಡಿದ್ದೇನೆ. ಹಳೆಯ ಯಂತ್ರದ ಅತಿ ಅಗ್ಗದ ಕಾಯಿಲೆ ಇದು. ಮದರ್‌ಬೋರ್ಡಿನ ಮೇಲೆ ಬಿಲ್ಲೆಯಂಥ ಸೆಲ್ಲೊಂದಿದೆ, ಸಿಆರ್2032. ಅಂಕಿಗಳಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಕರೆಂಟಿಲ್ಲದಾಗ ಗಡಿಯಾರವನ್ನೂ ಬಯಾಸ್ ಸೆಟ್ಟಿಂಗುಗಳನ್ನೂ ಕಾಯುವುದು ಇದರ 3 ವೋಲ್ಟ್. ಸೆಲ್ ಸೋತರೆ ತಾರೀಖು ತಪ್ಪುತ್ತದೆ, ಯಾವ ಡಿಸ್ಕಿನಿಂದ ಶುರುವಾಗಬೇಕೆಂಬ ನೆನಪೂ ಅಳಿಯಬಹುದು. ಆಗ ಡಿಸ್ಕ್ ನೆಟ್ಟಗಿದ್ದರೂ ‘ಡಿಸ್ಕ್ ಬೂಟ್ ಫೇಲ್ಯೂರ್’ ಎಂದು ತೋರಿಸುತ್ತದೆ. ಮರೆತ ಪೆನ್‌ಡ್ರೈವ್ ಸಿಕ್ಕಿಸಿಕೊಂಡಿದ್ದರೂ ಇಂಥದೇ ಸಂದೇಶ ಬರುವುದುಂಟು. ಸೆಲ್ ತರಲು ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೆ ಹೋಗಬೇಕಿಲ್ಲ, ಕೈಗಡಿಯಾರ ರಿಪೇರಿ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ.

ಎಫ್1 ಒತ್ತಿದೆವು. ವಿಂಡೋಸ್ ಎಕ್ಸ್‌ಪಿಯ ನೀಲಿ ಪಟ್ಟಿ ಓಡಿತು, ಓಡುತ್ತಲೇ ಇತ್ತು. ಹಾರ್ಡ್ ಡಿಸ್ಕಿನಿಂದ ಕರಕರ ಸದ್ದು. ಕೊನೆಗೂ ವಿಂಡೋಸ್ ಎದ್ದಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಯಂತ್ರ ಎದ್ದ ಮೊದಲ ಗಳಿಗೆಯಲ್ಲಿ ವೇಗ ಹೆಚ್ಚಿಸುವುದು, ವೈರಸ್ ಹುಡುಕುವುದು ಯಾವುದೂ ಬೇಡ, ಮೊದಲು ನಕಲು ತೆಗೆಯಿರಿ. ಡಿಸ್ಕ್ ‘ಕಟ್ ಕಟ್’ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ತಕ್ಷಣ ಆರಿಸಿಬಿಡಿ. ಪ್ರತಿ ಪ್ರಯತ್ನವೂ ಉಳಿದದ್ದನ್ನು ಉಜ್ಜಿ ಹಾಕಬಹುದು. ವಿಂಡೋಸ್ ಕೆಟ್ಟಿದೆ, ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಎನ್ನುತ್ತಿದೆ ಎಂದ ಮಾತ್ರಕ್ಕೆ ನಿಮ್ಮ ಫೈಲುಗಳು ಹೋದವು ಎಂದಲ್ಲ. ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಕೇಬಲ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಸೇರಿಸಿದರೆ ಬಹಳ ಸಲ ಎಲ್ಲವೂ ಇದ್ದಲ್ಲೇ ಕಾಣುತ್ತವೆ. ‘ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತದೆ’ ಎನ್ನುವವರಿಗೆ ಯಂತ್ರ ಒಪ್ಪಿಸುವ ಮುನ್ನ ಡಿಸ್ಕಿನಲ್ಲಿ ಏನಿದೆ ಎಂದು ಮನೆಯವರನ್ನೆಲ್ಲ ಕೇಳಿ. ಎಷ್ಟೋ ಮನೆಗಳ ಮದುವೆ ಫೋಟೊ, ತೋಟದ ಲೆಕ್ಕ, ಅಪ್ಪ ಬರೆದ ನೆನಪು ಆ ಒಂದು ಮಾತಿಗೆ ಅಳಿಸಿಹೋಗಿವೆ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ರಕ್ಷಣೆ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು. ಹಾಗಾಗಿ ಇಂಟರ್‌ನೆಟ್ ಜೋಡಿಸಲಿಲ್ಲ, ಪೆನ್‌ಡ್ರೈವಿಗೇ ನಕಲು ಮಾಡಿದೆವು. ಇಂಥ ಯಂತ್ರಕ್ಕೆ ಹಗುರ ಲಿನಕ್ಸ್ ಹಾಕಿದರೆ ಟೈಪಿಂಗಿಗೆ ಇನ್ನೂ ಕೆಲವು ವರ್ಷ ಒದಗೀತು.

ಪೆನ್‌ಡ್ರೈವನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ತೆರೆದರೆ ಹಾಡಿನ ಜಾಗದಲ್ಲಿ ಕೊಂಬು ಚುಕ್ಕೆಗಳ ಇಂಗ್ಲಿಷ್ ಅಕ್ಷರಗಳ ರಾಶಿ. ಚಿಕ್ಕಪ್ಪನ ಮುಖ ಇಳಿಯಿತು. ಯುನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳು ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲಿ ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಡೆ ಹೀಗೆಯೇ ಕಾಣುವುದು. ಪರಿವರ್ತಕಕ್ಕೆ ಕೊಟ್ಟು ಯುನಿಕೋಡ್ ಮಾಡಿದೆ. ಹಾಡುಗಳು ಒಂದೊಂದಾಗಿ ಕನ್ನಡಕ್ಕೆ ಮರಳಿದವು.

ಚಿಕ್ಕಮ್ಮ ಕೈ ಒರೆಸಿಕೊಂಡು ಬಂದು ಕನ್ನಡಕ ಏರಿಸಿ ಓದಿದರು. ಓದುತ್ತ ಗುನುಗಿದರು. ಮೂರನೇ ಹಾಡಿಗೆ ನಿಂತು, ‘ಇಲ್ಲೊಂದು ಸಾಲು ಬಿಟ್ಟು ಹೋಗಿದೆ ನೋಡಿ’ ಎಂದರು. ಚಿಕ್ಕಪ್ಪ ಹಳೆಯ ಕೀಬೋರ್ಡನ್ನು ಹತ್ತಿರ ಎಳೆದುಕೊಂಡು, ‘ಹೇಳು’ ಎಂದರು.