ಪಾರ್ಕಿನ ಬೆಂಚಿನಿಂದ ಬಂದ ಚಿಕಿತ್ಸೆ

1933ರ ಬೇಸಿಗೆ. ನ್ಯೂಯಾರ್ಕಿನ ಬ್ರಾಂಕ್ಸ್ ಸಸ್ಯೋದ್ಯಾನದಲ್ಲಿ ಹತ್ತೊಂಬತ್ತರ ಹುಡುಗ ಆಲ್ಬರ್ಟ್ ಎಲಿಸ್ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡ. ಒಬ್ಬಳೇ ಕೂತ ಹೆಣ್ಣು ಕಂಡರೆ ಅದೇ ಬೆಂಚಿನಲ್ಲಿ ಕೂರಬೇಕು, ಒಂದು ನಿಮಿಷದೊಳಗೆ ಮಾತು ಶುರುಮಾಡಬೇಕು. ಅಲ್ಲಿಯವರೆಗೆ ಅವನು ದೂರದಿಂದಲೇ ನೋಡಿ, ಏನೋ ನೆಪ ಹೇಳಿಕೊಂಡು ಮನೆಗೆ ಮರಳುತ್ತಿದ್ದವನು.

ಒಂದು ತಿಂಗಳಲ್ಲಿ 130 ಮಂದಿಯ ಪಕ್ಕ ಕೂತ. 30 ಮಂದಿ ಕೂಡಲೇ ಎದ್ದು ಹೋದರು. ಉಳಿದ ನೂರು ಮಂದಿಯೊಡನೆ ಹೂವು, ಹಕ್ಕಿ, ಪುಸ್ತಕ ಎಂದು ತೋಚಿದ್ದೆಲ್ಲ ಮಾತಾಡಿದ. ಭೇಟಿಗೆ ಒಪ್ಪಿದವಳು ಒಬ್ಬಳೇ, ಅವಳೂ ಬರಲಿಲ್ಲ. ಆದರೆ ಯಾರೂ ಪೊಲೀಸರನ್ನು ಕರೆಯಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ. ಎಲಿಸ್‌ಗೆ ಹುಡುಗಿ ಸಿಗಲಿಲ್ಲ, ಭಯ ಮಾತ್ರ ಬಿಟ್ಟುಹೋಯಿತು.

ಇದನ್ನೇ ಇಂದು ನಮ್ಮ ಪಾರ್ಕುಗಳಲ್ಲಿ ಮಾಡಿ ಎಂದು ನಾನು ಹೇಳುವುದಿಲ್ಲ. ಒಬ್ಬಳೇ ಕೂತ ಹೆಣ್ಣಿಗೆ ನೆಮ್ಮದಿಯಾಗಿ ಕೂರುವ ಹಕ್ಕಿದೆ. ಇಲ್ಲಿ ಗಮನಿಸಬೇಕಾದದ್ದು ‘ಬೇಡ’ ಎಂಬ ಮಾತನ್ನು ತಾಳಿಕೊಳ್ಳುವ ಅಭ್ಯಾಸ. ಹಿಂದೆ ಬಿದ್ದರೆ ಒಲಿದೇ ಒಲಿಯುತ್ತಾಳೆಂದು ನಮ್ಮ ಎಷ್ಟೋ ಸಿನಿಮಾಗಳು ಕಲಿಸಿದ್ದು ಇದಕ್ಕೆ ತದ್ವಿರುದ್ಧ.

ಎಲಿಸ್ ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1947ರಲ್ಲಿ ಪಿಎಚ್.ಡಿ. ಪಡೆದು ಮನೋವಿಶ್ಲೇಷಣೆಯ ಚಿಕಿತ್ಸೆ ಹಿಡಿದರು, ಅದು ನಿಧಾನವೆನಿಸಿ ಬಿಟ್ಟರು. ನಮ್ಮನ್ನು ಕದಡುವುದು ಘಟನೆಯಲ್ಲ, ಅದರ ಬಗ್ಗೆ ನಾವು ತಾಳುವ ಅಭಿಪ್ರಾಯ ಎಂಬ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಟೇಟಸ್‌ನ ವಿಚಾರವನ್ನೂ ಪಾರ್ಕಿನ ಅನುಭವವನ್ನೂ ಸೇರಿಸಿ 1955ರಲ್ಲಿ ತಮ್ಮದೇ ಚಿಕಿತ್ಸೆ ರೂಪಿಸಿದರು. ‘ಅವಳು ಒಪ್ಪಲೇಬೇಕು, ಇಲ್ಲದಿದ್ದರೆ ನಾನು ನಾಲಾಯಕ್ಕು’ ಎನ್ನುವವನನ್ನು ‘ಒಪ್ಪಿದರೆ ಸಂತೋಷ, ಒಪ್ಪದಿದ್ದರೆ ಬೇಸರ, ಅಷ್ಟೇ’ ಎನ್ನುವ ಹಂತಕ್ಕೆ ತರುವುದೇ ಅದರ ತಿರುಳು. ನಾಚಿಕೆ ಕಳೆಯಲು ಅವರು ಕೊಡುತ್ತಿದ್ದ ಒಂದು ಅಭ್ಯಾಸ ಹೀಗಿತ್ತು: ಬಾಳೆಹಣ್ಣಿಗೆ ದಾರ ಕಟ್ಟಿ, ನಾಯಿಮರಿಯಂತೆ ನಡುರಸ್ತೆಯಲ್ಲಿ ಎಳೆದುಕೊಂಡು ಹೋಗುವುದು. ನೋಡಿದವರು ನಕ್ಕರೂ ಜೀವ ಹೋಗುವುದಿಲ್ಲ ಎಂದು ಗೊತ್ತಾಗಲಿ ಎಂದು. ಮ್ಯಾನ್‌ಹಟನ್‌ನ ತಮ್ಮ ಸಂಸ್ಥೆಯಲ್ಲಿ ಶುಕ್ರವಾರ ಸಂಜೆ ಜನರನ್ನು ವೇದಿಕೆಗೇ ಕರೆದು ಮಾತಾಡಿಸುತ್ತಿದ್ದರು. 2007ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಈ ವಿಧಾನ ಜಗತ್ತಿನ ಆಪ್ತಸಮಾಲೋಚನೆಯ ಮುಖ್ಯ ಧಾರೆಗಳಲ್ಲಿ ಸೇರಿತ್ತು.

ಹುಡುಗಿಯರ ಎದುರು ಬಾಯಿ ಒಣಗುವ ತರುಣರು ನಮ್ಮಲ್ಲೂ ಇದ್ದಾರೆ. ಗೆಳೆಯರು ಗೇಲಿ ಮಾಡುತ್ತಾರೆ, ಮನೆಯಲ್ಲಿ ಹೇಳಿಕೊಳ್ಳಲಾಗದು. ಹೆಣ್ಣನ್ನು ‘ಬೀಳಿಸುವ’ ತಂತ್ರ ಮಾರುವವರ ಬಳಿ ಅವರು ದಯವಿಟ್ಟು ಹೋಗದಿರಲಿ, ತರಬೇತಾದ ಆಪ್ತಸಮಾಲೋಚಕರ ಬಳಿ ಹೋಗಲಿ. ಕೊರಗು ಹೆಚ್ಚಿ ನಿದ್ದೆಗೆಟ್ಟರೆ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.