ಹಿಮದ ನಾಡಿನಿಂದ ಹೊಯ್ಸಳರ ನಾಡಿಗೆ ಬಂದ ಜಾವಾ

ಮೋಟಾರ್‌ಸೈಕಲ್ ಕ್ರೀಡೆಗಳಲ್ಲಿ ವೇಗಕ್ಕಿಂತ ಸಮತೋಲನಕ್ಕೇ ಹೆಚ್ಚು ಬೆಲೆಯಿರುವ ಪ್ರಕಾರವನ್ನು ಟ್ರಯಲ್ಸ್ ಎಂದು ಕರೆಯಲಾಗುತ್ತದೆ. ಬಂಡೆ, ಕೆಸರು, ಹಳ್ಳಗಳ ನಡುವೆ ಗುರುತು ಹಾಕಿದ ದಾರಿಯನ್ನು ಸವಾರನು ಕಾಲು ನೆಲಕ್ಕೆ ಊರದೆ ದಾಟಬೇಕು. ಒಮ್ಮೆ ಕಾಲೂರಿದರೆ ಒಂದು, ಬಿದ್ದರೆ ಐದು ದಂಡದ ಅಂಕಗಳು ಸೇರುತ್ತವೆ, ಕೊನೆಗೆ ಕಡಿಮೆ ಅಂಕ ಉಳಿಸಿಕೊಂಡವನೇ ಗೆಲ್ಲುತ್ತಾನೆ. ಯುರೋಪಿನ ಸವಾರರು ಇದನ್ನು ಹಿಮದ ಮೇಲೂ ಆಡುತ್ತಾರೆ. ಟ್ರಯಲ್ಸ್ ಬೈಕಿನ ಹಿಂದಿನ ಟೈರಿನಲ್ಲಿ ಸುಮಾರು 4 ಪಿಎಸ್‌ಐ ಗಾಳಿ ಮಾತ್ರ ಇರುವುದರಿಂದ ಅದು ಚಪ್ಪಟೆಯಾಗಿ ಹರಡಿಕೊಂಡು ಮೆತ್ತನೆಯ ಹಿಮವನ್ನೂ ಹಿಡಿಯುತ್ತದೆ. ಆದರೆ 20 ಡಿಗ್ರಿ ಶಾಖದ ಕೊಠಡಿಯಲ್ಲಿ ತುಂಬಿದ ಆ ಗಾಳಿ ಸೊನ್ನೆ ಡಿಗ್ರಿಯ ಬಯಲಿಗೆ ಬಂದಾಗ ಕುಗ್ಗಿ, ಒತ್ತಡದ ಮೂರರಲ್ಲೊಂದು ಭಾಗದಷ್ಟು ಇಳಿದುಹೋಗುವ ಕಾರಣ, ಅನುಭವಿಗಳು ಹೊರಗಿನ ಚಳಿಯಲ್ಲೇ ಒತ್ತಡವನ್ನು ಅಳೆದು ಸರಿಪಡಿಸಿಕೊಳ್ಳುತ್ತಾರೆ.

ಹಿಮ ಬೀಳದ ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಗೂ ಈ ಚಳಿನಾಡಿನ ಸವಾರಿಗೂ ನಡುವಿನ ನಂಟು ಮೈಸೂರಿನ ಮೂಲಕ ಬಂದದ್ದು. ಫ್ರಾಂಟಿಷೆಕ್ ಯಾನೆಚೆಕ್ ಎಂಬ ಚೆಕ್ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕನ್ನು ತಯಾರಿಸುವ ಹಕ್ಕು ಪಡೆದು, ತನ್ನ ಹೆಸರಿನ ಮತ್ತು ಆ ಕಂಪನಿಯ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಜಾವಾ ಕಂಪನಿಯನ್ನು ಕಟ್ಟಿದ. ಯಾನೆಚೆಕ್‌ನ ದೇಶದ ಸವಾರರು ಹಲವು ದಿನಗಳ ಒರಟು ದಾರಿಯ ಪರೀಕ್ಷೆಯಾದ ಅಂತರರಾಷ್ಟ್ರೀಯ ಆರು ದಿನಗಳ ಟ್ರಯಲ್‌ನಲ್ಲಿ, 1970ರಿಂದ 1974ರವರೆಗೆ ಸತತ ಐದು ವರ್ಷ ಮುಖ್ಯ ಟ್ರೋಫಿಯನ್ನು ಗೆದ್ದರು. ಹೆಪ್ಪುಗಟ್ಟಿದ ಮಂಜುಗಡ್ಡೆಯ ಮೇಲೆ ಮೊಳೆ ಬಡಿದ ಚಕ್ರಗಳಿಂದ, ಬ್ರೇಕೇ ಇಲ್ಲದೆ ಓಡಿಸುವ ಐಸ್ ಸ್ಪೀಡ್‌ವೇ ಪಂದ್ಯದಲ್ಲೂ ಜಾವಾ ಎಂಜಿನ್ನೇ ಬಹುಕಾಲ ಮೆರೆಯಿತು.

ಇದೇ ವಂಶದ 250 ಸಿಸಿ ಬೈಕನ್ನು ತಯಾರಿಸಲು ಇರಾನಿ ಕುಟುಂಬದವರು ಮೈಸೂರಿನಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯನ್ನು, ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ 1961ರಲ್ಲಿ ಉದ್ಘಾಟಿಸಿದರು. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಓಡಿಸುವ ಎರಡು ಸ್ಟ್ರೋಕಿನ ಎಂಜಿನ್, ಧೂಳು ಕೆಸರು ತಾಗದಂತೆ ಪೂರ್ತಿ ಮುಚ್ಚಿದ ಚೈನು, ತಿರುಗಿಸಿದರೆ ಗೇರಿನ ಲಿವರೇ ಕಿಕ್ಕರ್ ಆಗುವ ಏರ್ಪಾಡು, ಇವೆಲ್ಲ ಹಾಗೆಯೇ ಬಂದವು. ಚಳಿಯಲ್ಲಿ ಪೆಟ್ರೋಲು ಬೇಗ ಆವಿಯಾಗುವುದಿಲ್ಲ. ಆದ್ದರಿಂದ ಕಾರ್ಬುರೇಟರಿನ ಮೇಲಿನ ಟಿಕ್ಲರ್ ಎಂಬ ಪುಟ್ಟ ಗುಂಡಿಯನ್ನು ಒತ್ತಿ, ಒಳಗೆ ಪೆಟ್ರೋಲು ತುಸು ಉಕ್ಕುವಂತೆ ಮಾಡಿ ಆಮೇಲೆ ಕಿಕ್ ಹೊಡೆಯಬೇಕಿತ್ತು. ಪ್ರಾಗಿನ ಹಿಮದಲ್ಲಿ ಅನಿವಾರ್ಯವಾಗಿದ್ದ ಈ ಕ್ರಮವು, ತೀರ ಕಡಿಮೆ ತೀವ್ರತೆಯಲ್ಲಾದರೂ, ಅರಸೀಕೆರೆಯ ತೆಂಗಿನ ಸೀಮೆಯ ಮಾಗಿಯ ಬೆಳಗಿಗೂ ಅಷ್ಟೇ ಸರಿಯಾಗಿ ಹೊಂದುವಂಥದ್ದು. 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಬಂದ ಈ ಬೈಕುಗಳ ತಯಾರಿಕೆ 1996ರಲ್ಲಿ ನಿಂತಿತು. ಕರ್ನಾಟಕದ ಕೈಗಾರಿಕಾ ಚರಿತ್ರೆಯಲ್ಲಿ ಅದು ನಿಜಕ್ಕೂ ದೊಡ್ಡ ನಷ್ಟ. ಜಾವಾ ಹೆಸರು 2018ರಲ್ಲಿ ಮರಳಿ ಬಂದಿತಾದರೂ ಆ ಹೊಸ ಬೈಕುಗಳು ಮೈಸೂರಿನ ಕಾರ್ಖಾನೆಯವಲ್ಲ, ಎರಡು ಸ್ಟ್ರೋಕಿನವೂ ಅಲ್ಲ.

ಹಿಮದ ಸವಾರಿಯ ಪಾಠಗಳು ಈ ಸೀಮೆಯಲ್ಲಿ ಮಳೆಗಾಲದಲ್ಲೇ ಹೆಚ್ಚು ಒದಗುತ್ತವೆ. ಬೇಲೂರಿನಿಂದ ಪಶ್ಚಿಮಕ್ಕೆ, ಮಲೆನಾಡಿನ ಕಡೆಗೆ ಹೋದಂತೆ ಕಾಫಿ ತೋಟಗಳ ಒಳದಾರಿಗಳ ಕೆಸರು, ಹಿಮದಂತೆಯೇ, ಸವಾರನು ದಿಢೀರನೆ ಬ್ರೇಕು ಹಾಕಿದರೆ ಅಥವಾ ಆಕ್ಸಿಲರೇಟರ್ ತಿರುಚಿದರೆ ಚಕ್ರವನ್ನು ಜಾರಿಸಿಬಿಡುತ್ತದೆ. ತಗ್ಗಿನ ಗೇರಿನಲ್ಲಿ, ಫುಟ್‌ರೆಸ್ಟಿನ ಮೇಲೆ ನಿಂತು ಮೈಯ ಭಾರವನ್ನು ಹಿಂಚಕ್ರಕ್ಕೆ ಕೊಟ್ಟು ನಿಧಾನವಾಗಿ ಸಾಗುವ ಟ್ರಯಲ್ಸ್ ವಿಧಾನವೇ ಅಲ್ಲಿ ಸುರಕ್ಷಿತ. ಟೈರಿನ ಗಾಳಿಯನ್ನು ಮಾತ್ರ ಅಷ್ಟೊಂದು ಇಳಿಸಬಾರದು: ಸಾಮಾನ್ಯ ಬೈಕಿನಲ್ಲಿ ಟೈರು ರಿಮ್ಮಿನ ಮೇಲೆ ಜರುಗಿ, ಒಳಗಿನ ಟ್ಯೂಬನ್ನೂ ಎಳೆದುಕೊಂಡು ಹೋಗಿ, ವಾಲ್ವನ್ನು ಬುಡಸಮೇತ ಕಿತ್ತುಬಿಡುತ್ತದೆ.