ಹಲ್ಲುನೋವು ತಾನಾಗಿ ನಿಂತರೆ ವಾಸಿಯಾಯಿತೆಂದು ತಿಳಿಯಬೇಡಿ



ನೀವು ಜ್ವರ, ಸಕ್ಕರೆ ಕಾಯಿಲೆ, ಹೆರಿಗೆ, ಆಪರೇಷನ್ ಹೀಗೆ ಯಾವುದಾದರೂ ಕಾರಣಕ್ಕೆ ಆಸ್ಪತ್ರೆಗೆ ಬಂದಿರಬಹುದು. ಅಥವಾ ರೋಗಿಯ ಜೊತೆ ಬಂದು ಹೊರಗಡೆ ಬೆಂಚಿನ ಮೇಲೆ ಕುಳಿತಿರಬಹುದು. ‘ನಮ್ಮ ಕಾಯಿಲೆಗೂ ಹಲ್ಲಿಗೂ ಏನು ಸಂಬಂಧ?’ ಎಂದು ಇದನ್ನು ಮಡಚಿ ಇಡಬೇಡಿ. ಸ್ವಲ್ಪ ಬಿಡುವು ಮಾಡಿಕೊಂಡು ಓದಿ.

ಇದನ್ನು ಬರೆಯುತ್ತಿರುವ ನಾನು ವೈದ್ಯನಲ್ಲ. ಕಂಪ್ಲಿ ಕಡೆಯ ಒಬ್ಬ ಶಾಲಾ ಮಾಸ್ತರ. ಮಕ್ಕಳಿಗೆ ಹಲ್ಲುಜ್ಜುವ ಪಾಠ ಹೇಳುತ್ತಿದ್ದವನು ನನ್ನ ಹಲ್ಲನ್ನೇ ಅಲಕ್ಷಿಸಿ ಆಸ್ಪತ್ರೆಯ ಮಂಚ ಹಿಡಿದೆ. ನನಗಾದದ್ದು ನಿಮಗಾಗದಿರಲಿ ಎಂದು, ಆಗ ವೈದ್ಯರಿಂದ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ನನಗೆ ಆದದ್ದು

ಮೊದಲು ಎಡಗಡೆಯ ಕೆಳಗಿನ ದವಡೆ ಹಲ್ಲಿಗೆ ತಣ್ಣೀರು ತಾಗಿದರೆ ಜುಮ್ ಎನ್ನುತ್ತಿತ್ತು. ಬಲಗಡೆಯಿಂದ ಅಗಿಯಲು ಶುರುಮಾಡಿದೆ. ಕೆಲವು ತಿಂಗಳಲ್ಲಿ ಸಣ್ಣ ಕಪ್ಪು ಗುಳಿ ಕಾಣಿಸಿತು. ರೊಟ್ಟಿ ಚೂರು ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕಡ್ಡಿಯಿಂದ ಕೆದಕಿ ತೆಗೆಯುತ್ತಿದ್ದೆ. ರಾತ್ರಿ ನೋವು ಬಂದಾಗ ನಮ್ಮವ್ವ, ‘ಹಲ್ಲಾಗ ಹುಳ ಬಿದ್ದಾವಪ್ಪಾ, ಲವಂಗ ಇಟ್ಕಾ, ಹೋಗ್ತೈತಿ’ ಎಂದಳು. ಲವಂಗ ಇಟ್ಟೆ. ಕಡಿಮೆಯಾಗದಿದ್ದಾಗ ಔಷಧದ ಅಂಗಡಿಯಲ್ಲಿ ಗುಳಿಗೆ ತಂದು ನುಂಗಿದೆ. ಹೀಗೆ ಎರಡು ವಾರ ಕಳೆಯಿತು. ಒಂದು ದಿನ ನೋವು ಪೂರ್ತಿ ನಿಂತುಹೋಯಿತು. ‘ಸದ್ಯ, ಡಾಕ್ಟರ ಖರ್ಚು ಉಳಿಯಿತು’ ಎಂದು ಸಂತೋಷಪಟ್ಟೆ.

ಏಳೆಂಟು ತಿಂಗಳ ನಂತರ, ಕಬ್ಬು ಕಡಿಯುವ ಕಾಲದಲ್ಲಿ, ಒಂದು ಬೆಳಿಗ್ಗೆ ಗಲ್ಲ ಊದಿತ್ತು. ಸಂಜೆಯ ಹೊತ್ತಿಗೆ ಚಳಿಜ್ವರ. ಮರುದಿನ ಬಾಯಿ ಎರಡು ಬೆರಳಷ್ಟೂ ತೆರೆಯಲಾಗಲಿಲ್ಲ. ಎಂಜಲು ನುಂಗುವುದೂ ಕಷ್ಟವಾಯಿತು. ಬಾವು ಗದ್ದದ ಕೆಳಗೆ ಇಳಿದಿತ್ತು. ಆಸ್ಪತ್ರೆಗೆ ಸೇರಿಸಿ ಕೀವು ತೆಗೆದರು, ಹಲ್ಲು ಕಿತ್ತರು. ಆರು ದಿನ ಸಲೈನ್ ಮತ್ತು ಇಂಜೆಕ್ಷನ್ ಮೇಲೆ ಇದ್ದೆ. ರಕ್ತ ಪರೀಕ್ಷೆ ಮಾಡಿದಾಗ ಸಕ್ಕರೆ ಕಾಯಿಲೆ ಇರುವುದೂ ಗೊತ್ತಾಯಿತು. ಅಲ್ಲಿಯವರೆಗೆ ನನಗೆ ಅದರ ಅರಿವೇ ಇರಲಿಲ್ಲ.

ಡಾಕ್ಟರು ಹೇಳಿದ ಮಾತು ಇಂದಿಗೂ ಮರೆತಿಲ್ಲ. ‘ಮಾಸ್ತರೇ, ನೋವು ನಿಂತ ದಿನ ನಿಮ್ಮ ಹಲ್ಲು ವಾಸಿಯಾಗಲಿಲ್ಲ. ಅಂದು ಅದು ಸತ್ತಿತು.’

ನೋವು ಏಕೆ ನಿಲ್ಲುತ್ತದೆ?

ಹಲ್ಲಿನಲ್ಲಿ ಹುಳ ಇರುವುದಿಲ್ಲ. ಬಾಯಿಯಲ್ಲಿರುವ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ನಾವು ತಿಂದ ಸಕ್ಕರೆ, ಬೆಲ್ಲ, ಹಿಟ್ಟಿನ ಅಂಶವನ್ನು ತಿಂದು ಆಮ್ಲ ಮಾಡುತ್ತವೆ. ಈ ಆಮ್ಲ ಹಲ್ಲಿನ ಹೊರಗಿನ ಗಟ್ಟಿ ಕವಚವನ್ನು ಕರಗಿಸುತ್ತದೆ. ಈ ಕವಚಕ್ಕೆ ನರವಿಲ್ಲ, ಆದ್ದರಿಂದ ಮೊದಲು ನೋವೇ ಇರುವುದಿಲ್ಲ. ಗುಳಿ ಎರಡನೆಯ ಪದರಕ್ಕೆ ಇಳಿದಾಗ ತಣ್ಣೀರು, ಸಿಹಿ ತಾಗಿದರೆ ಜುಮ್ ಎನ್ನುತ್ತದೆ. ಹಲ್ಲಿನ ಒಳಗೆ ನರ, ರಕ್ತನಾಳ ಇರುವ ಜಾಗ ಮುಟ್ಟಿದಾಗ ರಾತ್ರಿಯೆಲ್ಲ ನಿದ್ದೆಗೆಡಿಸುವ ನೋವು ಬರುತ್ತದೆ. ಕೊನೆಗೆ ಆ ನರ ಸತ್ತುಹೋಗುತ್ತದೆ. ಆಗ ನೋವು ನಿಲ್ಲುತ್ತದೆ. ಆದರೆ ಸೋಂಕು ನಿಲ್ಲುವುದಿಲ್ಲ. ಅದು ಬೇರಿನ ತುದಿಯಿಂದ ದವಡೆ ಎಲುಬಿಗೆ ಇಳಿದು ಕೀವು ಕಟ್ಟುತ್ತದೆ.

ಮೊದಲನೆಯ ಹಂತದಲ್ಲಿ ಬಂದರೆ ಸಿಮೆಂಟ್ ತುಂಬಿ ಹಲ್ಲು ಉಳಿಸುತ್ತಾರೆ. ನರದವರೆಗೆ ಹೋದರೆ ರೂಟ್ ಕೆನಾಲ್ ಚಿಕಿತ್ಸೆ ಬೇಕು. ಅದೂ ತಪ್ಪಿದರೆ ಕೀಳಿಸಬೇಕಾಗಬಹುದು. ತಡವಾದಷ್ಟೂ ಖರ್ಚು ಹೆಚ್ಚು. ಲವಂಗ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಅಷ್ಟೆ. ನೋವಿನ ಗುಳಿಗೆಯನ್ನು ವಸಡಿನ ಮೇಲೆ ಇಟ್ಟುಕೊಂಡರೆ ವಸಡು ಸುಟ್ಟು ಹುಣ್ಣಾಗುತ್ತದೆ. ತಂಬಾಕು ಇಟ್ಟುಕೊಳ್ಳಲೇಕೂಡದು.

ತಡಮಾಡದೆ ಬರಬೇಕಾದ ಲಕ್ಷಣಗಳು

1. ಹಲ್ಲುನೋವಿನೊಂದಿಗೆ ಗಲ್ಲ ಅಥವಾ ಗದ್ದದ ಕೆಳಗೆ ಬಾವು, ಜ್ವರ.
2. ಬಾಯಿ ತೆರೆಯಲಾಗದಿರುವುದು, ನುಂಗಲಾಗದಿರುವುದು.
3. ನಾಲಿಗೆ ಮೇಲಕ್ಕೆ ಎತ್ತಿದಂತಾಗುವುದು, ಉಸಿರಾಟಕ್ಕೆ ತೊಂದರೆ.

ಕುತ್ತಿಗೆಗೆ ಇಳಿದ ಬಾವು ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. ‘ಬೆಳಗಾಗಲಿ, ಮೊದಲ ಬಸ್ಸಿಗೆ ಹೋಗೋಣ’ ಎಂದು ಕಾಯಬೇಡಿ. ರಾತ್ರಿಯೇ 108ಕ್ಕೆ ಕರೆ ಮಾಡಿ.

ವಸಡಿನ ರೋಗ ಮತ್ತು ಸಕ್ಕರೆ ಕಾಯಿಲೆ

ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದರೆ ‘ಬ್ರಷ್ ತಾಗಿರಬೇಕು’ ಎಂದು ಉಜ್ಜುವುದನ್ನೇ ಬಿಡುವವರಿದ್ದಾರೆ. ಇದು ತಪ್ಪು. ಸಾಮಾನ್ಯವಾಗಿ ಹಲ್ಲಿನ ಬುಡದಲ್ಲಿ ಕೂತ ಪಾಚಿಯಿಂದ ವಸಡು ಊದಿ ರಕ್ತ ಬರುತ್ತದೆ. ಈ ಪಾಚಿ ದಿನದಿನವೂ ಹೊಸದಾಗಿ ಕಟ್ಟುತ್ತದೆ. ತೆಗೆಯದೆ ಬಿಟ್ಟರೆ ಗಟ್ಟಿಯಾಗಿ ಕಲ್ಲಿನಂತಾಗುತ್ತದೆ. ಆಮೇಲೆ ಬ್ರಷ್‌ಗೆ ಬರುವುದಿಲ್ಲ, ದಂತ ವೈದ್ಯರೇ ತೆಗೆಯಬೇಕು. ‘ಹಲ್ಲು ಕ್ಲೀನ್ ಮಾಡಿಸಿದರೆ ಅಲುಗಾಡುತ್ತವೆ’ ಎಂಬುದು ತಪ್ಪು ತಿಳಿವಳಿಕೆ. ಎಲುಬು ಸವೆದ ಹಲ್ಲನ್ನು ಆ ಕಲ್ಲು ಹಿಡಿದು ನಿಲ್ಲಿಸಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲ ಗೊತ್ತಾಗುತ್ತದೆ, ಅಷ್ಟೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬುದೂ ಸುಳ್ಳು.

ಸಕ್ಕರೆ ಕಾಯಿಲೆ ಇದ್ದವರಿಗೆ ವಸಡಿನ ರೋಗ ಬೇಗ ಬರುತ್ತದೆ. ವಸಡಿನಲ್ಲಿ ಸೋಂಕು ಇದ್ದರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ಗರ್ಭಿಣಿಯರಿಗೂ ವಸಡು ಊದುವುದುಂಟು. ಗರ್ಭಿಣಿಯರು ಹಲ್ಲಿನ ಚಿಕಿತ್ಸೆ ಮಾಡಿಸಬಹುದು, ನಡುವಿನ ತಿಂಗಳುಗಳು ಹೆಚ್ಚು ಅನುಕೂಲ. ಗರ್ಭಿಣಿಯೆಂಬುದನ್ನೂ, ಸಕ್ಕರೆ, ಬಿ.ಪಿ., ಹೃದಯದ ತೊಂದರೆ, ರಕ್ತ ತೆಳುವಾಗುವ ಗುಳಿಗೆ ಇದ್ದರೆ ಅದನ್ನೂ ದಂತ ವೈದ್ಯರಿಗೆ ಮೊದಲೇ ತಿಳಿಸಿ.

ಕಲೆಯೆಲ್ಲ ಕೊಳೆಯಲ್ಲ

ನಮ್ಮ ಬಳ್ಳಾರಿ ಸೀಮೆಯ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಚಿಕ್ಕಂದಿನಿಂದ ಆ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಬೀಳುತ್ತವೆ. 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಈ ರೋಗದ ವರದಿ ಬಂದಿತ್ತು. ಆಗ ಬಳ್ಳಾರಿಯೂ ನೆಲ್ಲೂರಿನಂತೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಈ ಕಲೆ ಉಜ್ಜಿದರೆ ಹೋಗುವುದಿಲ್ಲ. ಇಟ್ಟಿಗೆ ಪುಡಿ, ಇದ್ದಿಲು, ಬೂದಿಯಿಂದ ತಿಕ್ಕಿದರೆ ಹಲ್ಲೇ ಸವೆಯುತ್ತದೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೂ 1.5 ಮೀರಬಾರದು. ನಿಮ್ಮೂರ ನೀರು ಹೇಗಿದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಅಂಥ ಊರಿನವರು ಮಕ್ಕಳಿಗೆ ಯಾವ ಪೇಸ್ಟ್ ಕೊಡಬೇಕೆಂದು ದಂತ ವೈದ್ಯರನ್ನು ಕೇಳಿ.

ಗುಟ್ಕಾ, ಅಡಿಕೆ, ತಂಬಾಕು

ರಾಜ್ಯ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆದರೂ ಪಾನ್ ಮಸಾಲ, ತಂಬಾಕು ಬೇರೆ ಬೇರೆ ಚೀಟು ಕೊಂಡು ಬೆರೆಸಿ ತಿನ್ನುವವರಿದ್ದಾರೆ. ಸಂಡೂರಿನ ಗಣಿ ಕಡೆ ದುಡಿಯುವವರೇ, ಲಾರಿ ಓಡಿಸುವವರೇ, ನಿದ್ದೆ ತಡೆಯಲೆಂದು ಇದನ್ನು ಬಾಯಲ್ಲಿ ಇಟ್ಟುಕೊಳ್ಳಬೇಡಿ. ತಂಬಾಕು ಬೆರೆಸದ ಬರೀ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಖಾರ ತಿಂದರೆ ಬಾಯಿ ಉರಿಯುವುದು, ಬಾಯಿ ಮೊದಲಿನಷ್ಟು ತೆರೆಯದಿರುವುದು, ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ನೋವಿಲ್ಲದಿದ್ದರೂ ತೋರಿಸಿ. ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ತಾಯಂದಿರಿಗೂ ಇದೇ ಮಾತು.

ಮಕ್ಕಳ ಆರನೆಯ ವರ್ಷದ ಹಲ್ಲು

ನಾನು ಆಸ್ಪತ್ರೆಯಿಂದ ಬಂದ ಮೇಲೆ ಮನೆಯವರ ಬಾಯಿಯನ್ನೆಲ್ಲ ಬ್ಯಾಟರಿ ಹಿಡಿದು ನೋಡಿದೆ. ಏಳು ವರ್ಷದ ಮಗಳ ಹಿಂದಿನ ದವಡೆ ಹಲ್ಲಿನಲ್ಲಿ ಕಪ್ಪು ಚುಕ್ಕೆ ಇತ್ತು. ‘ಹಾಲುಹಲ್ಲು, ಬಿದ್ದು ಹೋಗ್ತೈತಿ ಬಿಡ್ರಿ’ ಎಂದಳು ನನ್ನ ಹೆಂಡತಿ. ಡಾಕ್ಟರು ನೋಡಿ, ‘ಇದು ಶಾಶ್ವತ ಹಲ್ಲು, ಬಿದ್ದರೆ ಮತ್ತೆ ಬರುವುದಿಲ್ಲ’ ಎಂದರು. ಸುಮಾರು ಆರನೆಯ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಹುಟ್ಟುವ ಹಲ್ಲು ಇದು. ತಂದೆತಾಯಿಗಳು ಮೋಸಹೋಗುವುದು ಇಲ್ಲಿಯೇ. ಮಗಳಿಗೆ ಸಿಮೆಂಟ್ ತುಂಬಿಸಿದೆವು, ಹಲ್ಲು ಉಳಿಯಿತು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಮಕ್ಕಳ ಹಲ್ಲನ್ನೂ ತೋರಿಸಿರಿ.

ಮನೆಯಲ್ಲಿ ಪಾಲಿಸಬೇಕಾದದ್ದು

1. ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಎರಡೆರಡು ನಿಮಿಷ ಹಲ್ಲುಜ್ಜಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ರಾತ್ರಿ ಉಜ್ಜುವುದು ಬಹಳ ಮುಖ್ಯ.
2. ಮೆತ್ತನೆಯ ಬ್ರಷ್ ಬಳಸಿ, ಮೂರು ತಿಂಗಳಿಗೊಮ್ಮೆ ಬದಲಿಸಿ. ಒಬ್ಬರ ಬ್ರಷ್ ಇನ್ನೊಬ್ಬರು ಬಳಸಬೇಡಿ. ಬೇವಿನ ಕಡ್ಡಿ ಬಳಸುವವರು ಚೆನ್ನಾಗಿ ಜಗಿದು ಮೆದು ಮಾಡಿಕೊಳ್ಳಿ. ಒಳಬದಿಗೆ ಅದು ಸರಿಯಾಗಿ ತಲುಪುವುದಿಲ್ಲ, ಆದ್ದರಿಂದ ರಾತ್ರಿಯಾದರೂ ಬ್ರಷ್ ಹಿಡಿಯಿರಿ.
3. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿ ಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ದೊಡ್ಡವರೇ ನಿಂತು ಉಜ್ಜಿಸಿ, ಉಗುಳಲು ಕಲಿಸಿ.
4. ಬೆಲ್ಲ, ಕಬ್ಬು, ಪೆಪ್ಪರಮೆಂಟು ಊಟದ ಜೊತೆಗೇ ತಿಂದು ಮುಗಿಸಿ. ದಿನಕ್ಕೆ ಹತ್ತು ಸಲ ಸಿಹಿ ಚಹಾ ಕುಡಿದರೆ ಹತ್ತು ಸಲವೂ ಆಮ್ಲ ಹುಟ್ಟುತ್ತದೆ.
5. ನೋವಿಲ್ಲದಿದ್ದರೂ ವರ್ಷಕ್ಕೊಮ್ಮೆಯಾದರೂ ಹಲ್ಲು ತೋರಿಸಿ.

ಒಳರೋಗಿಗಳ ಜೊತೆ ಇರುವವರಿಗೆ

ಹಾಸಿಗೆ ಹಿಡಿದ ರೋಗಿಯ ಬಾಯಿಯನ್ನು ದಿನಕ್ಕೆ ಎರಡು ಸಲ ಸ್ವಚ್ಛ ಮಾಡಿ. ಬಾಯಿಯ ಕೊಳೆ ಎಂಜಲಿನೊಂದಿಗೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ ಆಗಬಹುದು. ರೋಗಿಗೆ ಎಚ್ಚರವಿಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ, ಹೇಗೆ ಮಾಡಬೇಕೆಂದು ನರ್ಸಮ್ಮನನ್ನು ಕೇಳಿ. ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದು ನೀರಿನಲ್ಲಿಡಿ. ಆಪರೇಷನ್ ಇದ್ದರೆ ಸೆಟ್ ಹಲ್ಲು ಮತ್ತು ಅಲುಗಾಡುವ ಹಲ್ಲಿನ ವಿಷಯವನ್ನು ಅರಿವಳಿಕೆ ಕೊಡುವ ಡಾಕ್ಟರಿಗೆ ತಪ್ಪದೆ ಹೇಳಿ.

ಕೊನೆಯ ಮಾತು

ನನ್ನ ಎಡಗಡೆಯ ದವಡೆಯಲ್ಲಿ ಆ ಹಲ್ಲಿನ ಜಾಗ ಇಂದಿಗೂ ಖಾಲಿ ಇದೆ. ರೊಟ್ಟಿ ಅಗಿಯುವಾಗಲೆಲ್ಲ ನೆನಪಾಗುತ್ತದೆ. ಹೇಗೂ ಆಸ್ಪತ್ರೆಗೆ ಬಂದಿದ್ದೀರಿ. ನಿಮ್ಮ ಹಲ್ಲು ಎಂದಾದರೂ ನೋಯ್ದು ತಾನಾಗಿ ಸುಮ್ಮನಾಗಿದ್ದರೆ, ಅದನ್ನು ಇಂದೇ ಡಾಕ್ಟರಿಗೆ ಹೇಳಿ. ಊರಿಗೆ ಹೋದ ಮೇಲೆ ಈ ಹಾಳೆಯನ್ನು ಇನ್ನೊಬ್ಬರಿಗೆ ಓದಲು ಕೊಡಿ.